ಊರಿನ ಮಾತು ಯಾರ ಮಾತು?

ಮದ್ಯದ ಅಂಗಡಿ ಊರಿಗೆ ಬೇಕೋ ಬೇಡವೋ ಎಂಬ ಪ್ರಶ್ನೆಯು ಪುರಾಣ ಪ್ರವಚನಗಳಲ್ಲಿ ಬಂದಾಗ ಪಾಪಪುಣ್ಯದ ಪ್ರಶ್ನೆಯಾಗಿ ಬರುತ್ತದೆ. ಊರಿನ ಅಂಗಳಕ್ಕೆ ಬಂದಾಗ ಅದು ಬಹುಮಟ್ಟಿಗೆ ಸ್ಥಳದ ಪ್ರಶ್ನೆಯಾಗಿಬಿಡುತ್ತದೆ: ಅಂಗಡಿ ಎಲ್ಲಿರಬೇಕು, ಯಾರ ಓಣಿಯಲ್ಲಿ, ಯಾರ ಮನೆಯ ಎದುರಿಗೆ? ಕುಡಿತ ಒಳ್ಳೆಯದೆಂದು ಸಭೆಯಲ್ಲಿ ಎದ್ದು ನಿಂತು ಹೇಳುವವರನ್ನು ನಾನು ಕಂಡಿಲ್ಲ. ಕುಡಿಯುವವನೂ ಹಾಗೆ ಹೇಳುವುದಿಲ್ಲ. ಆದರೂ ವಾದ ಬೆಳೆಯುತ್ತದೆ, ಒಂದೇ ಊರು ಎರಡು ಊರಾಗುತ್ತದೆ. ಹೀಗೇಕೆ ಆಗುತ್ತದೆಂಬುದನ್ನು ನಮ್ಮ ಸೀಮೆಯ ಒಂದು ಚಿಕ್ಕ ಪಟ್ಟಣದಲ್ಲಿ ನಾನು ಕಂಡು ಕೇಳಿದ ಸಂಗತಿಗಳ ಆಧಾರದಿಂದ ಸದ್ಭಕ್ತ ವಾಚಕರ ಮುಂದೆ ಇಡಬಯಸುತ್ತೇನೆ.

ಹಿನ್ನೆಲೆಯನ್ನು ಮೊದಲು ಹೇಳಬೇಕು. 2016ರ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಅಂಚಿನಿಂದ 500 ಮೀಟರುಗಳ ಒಳಗೆ ಮದ್ಯದ ಅಂಗಡಿ ಇರಕೂಡದೆಂದು ಆಜ್ಞೆ ಮಾಡಿತು. ಕುಡಿದು ವಾಹನ ನಡೆಸುವುದರಿಂದಾಗುವ ಸಾವುಗಳನ್ನು ತಡೆಯುವುದು ಅದರ ಉದ್ದೇಶ. 2017ರ ಮಾರ್ಚ್ 31ರಂದು, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಆ ಅಂತರವನ್ನು 220 ಮೀಟರಿಗೆ ಇಳಿಸಿತು. ಪಟ್ಟಣ ಪ್ರದೇಶಗಳಿಗೆ ಅದೇ ವರ್ಷ ಮುಂದೆ ಸಡಿಲಿಕೆಯೂ ದೊರೆಯಿತು. ಆದರೆ ಆ ಬೇಸಿಗೆಯಲ್ಲಿ ಅದನ್ನು ಯಾರೂ ಊಹಿಸಿರಲಿಲ್ಲ. ನಮ್ಮ ರಾಜ್ಯದಲ್ಲಿ ಅಬಕಾರಿ ವರ್ಷ ಜೂನ್ 30ಕ್ಕೆ ಮುಗಿಯುವುದರಿಂದ ಹೆದ್ದಾರಿಯ ಅಂಗಡಿಕಾರರು ಅಷ್ಟರೊಳಗೆ ಬೇರೆ ನೆಲೆ ಹುಡುಕಬೇಕಾಯಿತು. ದಾರಿಹೋಕರ ಪ್ರಾಣ ಉಳಿಸಲು ಹೊರಟ ಆಜ್ಞೆಯು ಹೀಗೆ ಅಂಗಡಿಗಳ ಮುಖವನ್ನು ಊರೊಳಗಿನ ಓಣಿಗಳ ಕಡೆಗೆ ತಿರುಗಿಸಿತು.

ಆ ಪಟ್ಟಣದಲ್ಲಿ ಸಂತೆಕಟ್ಟೆಯ ಬಳಿಯ ಮಳಿಗೆಯೊಂದನ್ನು ಇದಕ್ಕಾಗಿ ಬಾಡಿಗೆಗೆ ಕೊಡುವ ಮಾತು ನಡೆದಾಗ ಹಿರಿಯರು ಗುಡಿಯ ಅಂಗಳದಲ್ಲಿ ಸಭೆ ಕರೆದರು. ಅಲ್ಲಿನ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದವನಾದ್ದರಿಂದ ನನಗೂ ಕರೆ ಬಂದಿತು. ಮುಂದಿನ ಸಾಲುಗಳಲ್ಲಿ ಗಂಡಸರು ಕುಳಿತಿದ್ದರು. ಕಂಬಗಳ ಹಿಂದೆ ಎಂಟು ಹತ್ತು ಜನ ಹೆಣ್ಣುಮಕ್ಕಳು. ಶಾಲೆ, ಗುಡಿ, ಆಸ್ಪತ್ರೆಗಳಿಂದ ಅಂಗಡಿ 100 ಮೀಟರ್ ದೂರವಿರಬೇಕೆಂಬ ನಿಯಮವುಂಟು. ಮೊದಲ ಅರ್ಧ ತಾಸು ಈ ಅಳತೆಯಲ್ಲಿಯೇ ಕಳೆಯಿತು. ಗರ್ಭಗುಡಿಯಿಂದ ಅಳೆಯಬೇಕೋ ಅಗಸೆಬಾಗಿಲಿನಿಂದ ಅಳೆಯಬೇಕೋ ಎಂದು ಇಬ್ಬರು ಹಿರಿಯರು ವಾದಿಸಿದರು.

ಅಂಗಡಿಯ ಪರವಾಗಿ ಬಂದ ಮಾತುಗಳನ್ನು ಹಗುರವಾಗಿ ತಳ್ಳಿಹಾಕುವುದು ಸಲ್ಲದು. ಮೊದಲನೆಯದು ಆದಾಯದ ಮಾತು. ಮಳಿಗೆಗೆ ಬಾಡಿಗೆ ಬರುತ್ತದೆ, ಸುತ್ತಲಿನ ಖಾನಾವಳಿಗಳಿಗೆ ವ್ಯಾಪಾರ ಬರುತ್ತದೆ ಎಂಬುದು ನಿಜ. ಆದರೆ ಅಬಕಾರಿ ಸುಂಕವು ಪಟ್ಟಣ ಪಂಚಾಯತಿಯ ಪೆಟ್ಟಿಗೆಗೆ ಬರುವುದಿಲ್ಲ. ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. 2017ರಲ್ಲಿ ಜಿ.ಎಸ್.ಟಿ. ಜಾರಿಗೆ ಬಂದಾಗಲೂ ಮದ್ಯವು ಅದರ ಹೊರಗೆ, ರಾಜ್ಯಗಳ ಕೈಯಲ್ಲಿಯೇ ಉಳಿಯಿತು. ಪಾನನಿರೋಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ಆದರೂ ಅಂದಿನ ಮೈಸೂರು ರಾಜ್ಯವು 1967ರಲ್ಲಿ ಪಾನನಿರೋಧವನ್ನು ತೆಗೆದುಹಾಕಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಬಾಟಲಿಯ ಮದ್ಯ ನಿಲ್ಲಲಿಲ್ಲ. ಬೊಕ್ಕಸದ ಆಸೆ ದೊಡ್ಡದು. ಅದರ ಲಾಭ ದೂರಕ್ಕೆ ಹೋಗುತ್ತದೆ, ನಷ್ಟ ಓಣಿಯಲ್ಲಿಯೇ ಉಳಿಯುತ್ತದೆ.

ಎರಡನೆಯದು ಕಳ್ಳಭಟ್ಟಿಯ ಭಯ. ಪರವಾನಗಿಯ ಅಂಗಡಿ ಇಲ್ಲದಿದ್ದರೆ ಜನ ವಿಷ ಕುಡಿದು ಸಾಯುತ್ತಾರೆಂದು ಒಬ್ಬರು ಹೇಳಿದರು. ಈ ಭಯ ಸುಳ್ಳಲ್ಲ. ಪಾನನಿರೋಧವಿರುವ ಗುಜರಾತಿನ ಬೋಟಾದ್ ಸೀಮೆಯಲ್ಲಿ 2022ರಲ್ಲಿ 40ಕ್ಕೂ ಹೆಚ್ಚು ಜನ ಕಳ್ಳಮದ್ಯದಿಂದ ಮಡಿದರು. ಆದರೆ ಸರ್ಕಾರವೇ ಮದ್ಯ ಮಾರುವ ತಮಿಳುನಾಡಿನ ಕಳ್ಳಕುರಿಚ್ಚಿಯಲ್ಲಿ 2024ರಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಬೆಂಗಳೂರಿನಲ್ಲಿಯೇ, ಸಾರಾಯಿ ಕಾನೂನುಬದ್ಧವಾಗಿ ದೊರೆಯುತ್ತಿದ್ದ 1981ರಲ್ಲಿ, 300ಕ್ಕೂ ಹೆಚ್ಚು ಜನ ಸತ್ತರು. ಮಿಥೈಲ್ ಆಲ್ಕೋಹಾಲು ದೇಹದೊಳಗೆ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣನ್ನು, ಅನಂತರ ಪ್ರಾಣವನ್ನು ಕಳೆಯುತ್ತದೆ. ಬಡವನು ಅಗ್ಗದ್ದನ್ನೇ ಹುಡುಕುವನಾದ್ದರಿಂದ ಅಂಗಡಿ ಇರುವ ಊರಿನಲ್ಲಿಯೂ ಈ ವಿಷ ಮಾರಾಟವಾಗುತ್ತದೆ. ಆದಕಾರಣ ಈ ವಾದದಿಂದ ಯಾವ ಪಕ್ಷವೂ ಗೆಲ್ಲಲಾರದು.

ಸಭೆಯ ದಿಕ್ಕನ್ನು ಬದಲಿಸಿದ ಮಾತು ಕಂಬದ ಹಿಂದಿನಿಂದ ಬಂದಿತು. ಅಡತಿ ಅಂಗಡಿಯಲ್ಲಿ ಹಮಾಲಿ ಮಾಡುವವನೊಬ್ಬನ ಹೆಂಡತಿ, ರೊಟ್ಟಿ ಬಡಿದು ಮಾರಿ ಮನೆ ನಡೆಸುವವಳು, ಎದ್ದು ನಿಂತು ಹೇಳಿದಳು: “ಹೆದ್ದಾರಿ ದೂರ ಐತ್ರಿ. ಅದಕ್ಕ ಪಗಾರ ಆದ ದಿನ ಮೊದಲ ಮನೀಗೆ ಬರ್ತಾನ, ಮಕ್ಕಳ ಮಾರಿ ನೋಡ್ತಾನ, ನನ್ನ ಕೈಯಾಗ ಒಂದಷ್ಟು ಇಟ್ಟು ಆಮ್ಯಾಲೆ ಹೋಗ್ತಾನ. ಈ ಮಳಗಿ ಅಡತಿಗೂ ನಮ್ಮ ಮನೀಗೂ ನಡುವ ಐತ್ರಿ.” ಇಷ್ಟು ಹೇಳಿ ಅವಳು ಕುಳಿತಳು. 100 ಮೀಟರಿನ ಅಳತೆಯಲ್ಲಿ ಮುಳುಗಿದ್ದವರಿಗೆ ಈ ಅಳತೆ ಹೊಸದಾಗಿತ್ತು. ಗುಡಿಗೂ ಅಂಗಡಿಗೂ ಇರುವ ದೂರವನ್ನು ನಿಯಮ ಅಳೆಯುತ್ತದೆ. ಕೂಲಿಗೂ ಒಲೆಗೂ ನಡುವಿನ ದೂರವನ್ನು ಯಾವ ನಿಯಮವೂ ಅಳೆಯುವುದಿಲ್ಲ.

ಆದರೆ ಅದೇ ಕಂಬದ ಹಿಂದಿನಿಂದ ಇನ್ನೊಂದು ಮಾತೂ ಬಂದಿತೆಂಬುದನ್ನು ಮರೆಮಾಚಲಾರೆ. ವೃದ್ಧೆಯೊಬ್ಬಳ ಮಗ ಹೆದ್ದಾರಿಯ ಅಂಗಡಿಯಿಂದ ರಾತ್ರಿ ನಡೆದು ಬರುವಾಗ ಲಾರಿಗೆ ಸಿಕ್ಕು ಸತ್ತಿದ್ದನು. ಅಂಗಡಿ ಊರೊಳಗಿದ್ದಿದ್ದರೆ ತನ್ನ ಮಗ ಉಳಿಯುತ್ತಿದ್ದನೆಂದು ಆಕೆ ಕಣ್ಣೀರಿಟ್ಟಳು. ಹೆಣ್ಣುಮಕ್ಕಳೆಲ್ಲರೂ ಒಂದೇ ದನಿಯಲ್ಲಿ ಮಾತನಾಡುವರೆಂದು ತಿಳಿಯುವವರು ಅವರ ಮಾತನ್ನು ಕೇಳಿಲ್ಲವೆಂದೇ ಅರ್ಥ. ಇಬ್ಬರ ನೋವೂ ನಿಜವಾಗಿರುವಾಗ ಊರಿನ ತೀರ್ಮಾನ ಯಾವುದು? ಗಟ್ಟಿಯಾಗಿ ಕೂಗಿದವರ ಮಾತೇ ಊರಿನ ಮಾತಾಗಕೂಡದು.

ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಇದಕ್ಕೊಂದು ದಾರಿಯನ್ನು ಮಾಡಿದ್ದಾರೆ. 2008ರ ಆದೇಶದಂತೆ, ಗ್ರಾಮ ಅಥವಾ ವಾರ್ಡಿನ ಮಹಿಳಾ ಮತದಾರರಲ್ಲಿ ಅಥವಾ ಒಟ್ಟು ಮತದಾರರಲ್ಲಿ ನೂರಕ್ಕೆ 25 ಜನ ಬೇಡಿಕೆ ಸಲ್ಲಿಸಿದರೆ ಅಂಗಡಿಯ ಬಗ್ಗೆ ಗುಪ್ತ ಮತದಾನ ನಡೆಯುತ್ತದೆ. ಅಕ್ಷರ ಬಾರದವರಿಗಾಗಿ ಚೀಟಿಯ ಮೇಲೆ ನಿಂತ ಬಾಟಲಿ, ಮಲಗಿದ ಬಾಟಲಿಗಳ ಚಿತ್ರಗಳು. ಕನ್ನಡ ಮಾತನಾಡುವ ಜನರಿರುವ ಅಕ್ಕಲಕೋಟೆ, ಜತ್ತ ತಾಲ್ಲೂಕುಗಳು ಈ ವ್ಯವಸ್ಥೆಗೆ ಒಳಪಟ್ಟವೇ ಆಗಿವೆ. ಅಂಗಡಿ ಮುಚ್ಚಬೇಕಾದರೆ ಪಟ್ಟಿಯಲ್ಲಿರುವ ಒಟ್ಟು ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಲಗಿದ ಬಾಟಲಿಗೆ ಮತ ಕೊಡಬೇಕು. ಅಂದು ಬಾರದೆ ಉಳಿದವರ ಮೌನವು ಅಂಗಡಿಯ ಪಾಲಿಗೇ ಸಲ್ಲುತ್ತದೆ. ಈ ಕೊರತೆಯಿದ್ದರೂ, ಗಂಡನ ಎದುರಿಗೆ ಬಾಯಿ ಬಿಡಲಾರದವಳು ಪರದೆಯ ಹಿಂದೆ ತನ್ನ ಮಾತನ್ನು ಹೇಳಬಲ್ಲಳು.

ಇದನ್ನು ನಾನು ಸಭೆಯಲ್ಲಿ ವಿವರಿಸಿದೆ. ನಮ್ಮವರಿಗೆ ಅಂಥ ಕಾನೂನಿನ ಆಸರೆ ಇರಲಿಲ್ಲ. ಇದ್ದುದು ತಕರಾರು ಅರ್ಜಿಯ ದಾರಿ. ಆದರೂ ಅರ್ಜಿ ಬರೆಯುವ ಮೊದಲು ಊರನ್ನು ಕೇಳಬೇಕೆಂದು ನಿಶ್ಚಯವಾಯಿತು. ಬಾಯಿಗೆ ಬಟ್ಟೆ ಕಟ್ಟಿದ ಎರಡು ಗಡಿಗೆಗಳನ್ನು ಮನೆಮನೆಗೆ ಒಯ್ದರು, ಗಂಡಸರಿಗೊಂದು, ಹೆಂಗಸರಿಗೊಂದು. ಅಂಗಡಿ ಬೇಡವೆನ್ನುವವರು ಜೋಳದ ಕಾಳನ್ನೂ ಬೇಕೆನ್ನುವವರು ಕಡಲೆಯ ಕಾಳನ್ನೂ ಮುಷ್ಟಿ ಬಿಚ್ಚದೆ ಒಳಗೆ ಹಾಕಬೇಕು. ಎಣಿಸಿದಾಗ ಹೆಂಗಸರ ಗಡಿಗೆಯಲ್ಲಿಯೂ ಕೆಲವು ಕಡಲೆಗಳಿದ್ದವು. ಗಂಡಸರ ಗಡಿಗೆಯಲ್ಲಿ ಯಾರೂ ಎಣಿಸಿರದಷ್ಟು ಜೋಳವಿತ್ತು. ಬಹಿರಂಗದಲ್ಲಿ ಸ್ನೇಹಿತರ ಮುಲಾಜಿಗೆ ತಲೆಯಾಡಿಸಿದವನು ಮುಷ್ಟಿಯೊಳಗೆ ಬೇರೆ ಕಾಳನ್ನು ಹಿಡಿದಿದ್ದನು. ಮಳಿಗೆಯ ಯಜಮಾನರು ಬಾಡಿಗೆಯ ಮಾತನ್ನು ಕೈಬಿಟ್ಟರು.

ಸಂತೋಷದ ಕಥೆಯೆಂದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಅಂಗಡಿಯು ಕೆಲವು ತಿಂಗಳಲ್ಲಿ ಊರ ಹೊರಗೆ, ಇಟ್ಟಿಗೆ ಭಟ್ಟಿಗಳ ಕಡೆಗೆ ಹೋಗಿ ನೆಲೆಯೂರಿತು. ಅಲ್ಲಿದ್ದವರು ದೂರದಿಂದ ದುಡಿಯಲು ಬಂದ ಕೂಲಿಕಾರರು. ಅವರ ಹೆಸರು ಊರಿನ ಪಟ್ಟಿಯಲ್ಲಿ ಇರಲಿಲ್ಲ. ಗಡಿಗೆ ಅವರ ಗುಡಿಸಲುಗಳವರೆಗೆ ಹೋಗಿರಲಿಲ್ಲ. ಅಲ್ಲಿಯೂ ಕೂಲಿಗೂ ಒಲೆಗೂ ನಡುವೆ ಈಗ ಅಂಗಡಿ ನಿಂತಿತ್ತು.

ಮತ ಎಣಿಸಿದೊಡನೆ ಕೆಲಸ ಮುಗಿಯುವುದಿಲ್ಲವೆಂಬುದಕ್ಕೆ ದೊಡ್ಡ ನಿದರ್ಶನಗಳೂ ಉಂಟು. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಸಾಕ್ಷರತಾ ತರಗತಿಯ ಪಾಠವೊಂದರಿಂದ ಎಚ್ಚೆತ್ತ ಮಹಿಳೆಯರು ಸಾರಾಯಿ ಅಂಗಡಿ ಮುಚ್ಚಿಸಿದರು. 1992ರಲ್ಲಿ ಆ ಕಿಚ್ಚು ರಾಜ್ಯವನ್ನೇ ವ್ಯಾಪಿಸಿತು. 1993ರಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಪೂರ್ಣ ಪಾನನಿರೋಧ ಬಂದಿತು, 1997ರಲ್ಲಿ ಅದು ಸಡಿಲವಾಯಿತು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ 2015ರಲ್ಲಿ ಬಂದ ನಿಷೇಧವನ್ನು 2021ರಲ್ಲಿ ಹಿಂತೆಗೆದುಕೊಂಡರು. ಅಂಗಡಿಗೆ ಬೀಗ ಹಾಕಿದರೂ ಕುಡಿಯುವವನ ಬಯಕೆಗೆ ಬೀಗ ಬೀಳುವುದಿಲ್ಲ.

ಈ ಎರಡನೆಯ ಕೆಲಸಕ್ಕೆ ನಮ್ಮ ನಾಡಿನಲ್ಲಿ ಒಂದು ಮೇಲ್ಪಂಕ್ತಿಯುಂಟು. ಇಳಕಲ್ಲಿನ ಪೂಜ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನು ಅವರು ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತಾರೆ. ಭಿಕ್ಷೆ ಬೇಡುವವನು ಎದುರಿನವನಿಗಿಂತ ಎತ್ತರದಲ್ಲಿ ನಿಲ್ಲಲಾರನು. ಕುಡಿಯುವವನನ್ನು ತಿರಸ್ಕರಿಸದೆ ಅವನ ಮುಂದೆ ಕೈಯೊಡ್ಡಿ ನಿಲ್ಲುವ ಈ ಕ್ರಮದಲ್ಲಿ ಶರಣರ ನಡೆ ಕಾಣುತ್ತದೆ. ಹನ್ನೆರಡನೆಯ ಶತಮಾನದ ಶರಣರ ಗಣದಲ್ಲಿ ಹೆಂಡದ ಮಾರಯ್ಯನೂ ಒಬ್ಬನೆಂಬುದನ್ನು ನಾವು ಮರೆಯಬಾರದು. ಹೆಂಡವನ್ನು ಬೇಡವೆನ್ನೋಣ, ಕುಡಿಯುವವನನ್ನೂ ಮಾರುವವನನ್ನೂ ಬೇಡವೆನ್ನುವ ಅಧಿಕಾರ ನಮಗಿಲ್ಲ.

ಈ ಪತ್ರಿಕೆಯನ್ನು ಓದುವವರಲ್ಲಿ ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿ, ಇಂದು ನಾನಾ ಊರುಗಳಲ್ಲಿ ಶಿಕ್ಷಕರಾಗಿ, ಪಂಚರಾಗಿ, ವರ್ತಕರಾಗಿ ಇರುವವರು ಅನೇಕರು. ಇಂಥ ಸಭೆ ನಿಮ್ಮ ಊರಿನಲ್ಲಿಯೂ ಒಂದು ದಿನ ಸೇರೀತು. ಆಗ ಕಂಬದ ಹಿಂದಿನವರನ್ನು ಮುಂದಿನ ಸಾಲಿಗೆ ಕರೆಯಿರಿ. ಕೇಳುವುದಾದರೆ ಗುಟ್ಟಾಗಿ ಕೇಳಿರಿ; ಊರಿನ ಎಲ್ಲೆಯಾಚೆ, ಪಟ್ಟಿಯಲ್ಲಿ ಹೆಸರಿಲ್ಲದೆ ದುಡಿಯುವವರ ಗುಡಿಸಲಿನಿಂದಲೇ ಕೇಳಲಾರಂಭಿಸಿರಿ. ಬೇಡವೆಂಬ ತೀರ್ಮಾನವಾದ ಮರುದಿನ, ಕುಡಿಯುವವರ ಮನೆಬಾಗಿಲಿಗೆ ಜೋಳಿಗೆ ಹಿಡಿದು ಹೋಗುವವರು ಯಾರೆಂಬುದನ್ನೂ ಅದೇ ಸಭೆಯಲ್ಲಿ ಗೊತ್ತುಮಾಡಿಕೊಳ್ಳಿರಿ.