ತಂಗಿಯ ಮನೆಯಲ್ಲಿ ಮೂರು ವಾರ

ವಿದೇಶದಲ್ಲಿ ನೆಲೆಸಿರುವ ಬಂಧುಗಳ ಮನೆಗೆ ಹೋಗಿ ಬಂದವರ ಮುಂದೆ ನಾವಿಡುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಅಲ್ಲಿ ಏನೇನು ನೋಡಿದಿರಿ? ಹೋಗಿ ಬಂದವರೂ ಗೋಪುರ, ಸೇತುವೆ, ಅರಮನೆಗಳ ಪಟ್ಟಿಯನ್ನು ಒಪ್ಪಿಸುತ್ತಾರೆ. ತೆಗೆದ ಚಿತ್ರಗಳನ್ನು ತೋರಿಸುತ್ತಾರೆ. ಯಾರ ಮನೆಯಲ್ಲಿ ಉಂಡು ಮಲಗಿದ್ದರೋ ಆ ಮನೆಯವರ ಬದುಕು ಮಾತ್ರ ಆ ಪಟ್ಟಿಯಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳುತ್ತದೆ.

ನಮ್ಮ ಹಿರಿಯರ ಮನೆ ಇರುವುದು ಬ್ಯಾಟರಾಯನಪುರದಲ್ಲಿ. ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ಬಳ್ಳಾರಿ ರಸ್ತೆಯ ಬದಿಯ ಈ ಊರು ನನ್ನ ಬಾಲ್ಯದಲ್ಲಿ ಬೆಂಗಳೂರಿನ ಹೊರಗಿತ್ತು. ಸುತ್ತಮುತ್ತ ರಾಗಿಯ ಹೊಲಗಳು, ದ್ರಾಕ್ಷಿಯ ತೋಟಗಳು. ವಿಮಾನವೆಂದರೆ ನಮಗೆ ಜಕ್ಕೂರಿನ ತರಬೇತಿ ಶಾಲೆಯಿಂದ ಏಳುತ್ತಿದ್ದ ಪುಟ್ಟ ವಿಮಾನಗಳು ಮಾತ್ರ. 2007ರಲ್ಲಿ ಊರು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಈಗ ದೂರದೇಶಗಳಿಗೆ ಹೋಗುವವರೆಲ್ಲ ನಮ್ಮ ಊರನ್ನು ಹಾದೇ ಹೋಗುತ್ತಾರೆ. ನಮ್ಮ ಬೀದಿಯ ಮನೆಮನೆಯಿಂದಲೂ ಒಬ್ಬರಲ್ಲ ಒಬ್ಬರು ಅದೇ ದಾರಿ ಹಿಡಿದಿದ್ದಾರೆ. ನನ್ನ ಕಿರಿಯ ತಂಗಿ ಇವರೆಲ್ಲರಿಗಿಂತ ಮೊದಲೇ, 2003ರಲ್ಲಿ, ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಇಂಗ್ಲೆಂಡಿಗೆ ದಾದಿಯಾಗಿ ಹೋದವಳು.

2024ರ ಜೂನ್ ತಿಂಗಳಲ್ಲಿ ಮೂರು ವಾರ ಅವಳ ಮನೆಯಲ್ಲಿರುವ ಅವಕಾಶ ನನಗೆ ದೊರೆಯಿತು. ಎಂಬತ್ತು ದಾಟಿದ ಅಮ್ಮ ಹೇಳಿ ಕಳುಹಿಸಿದ್ದು ಒಂದೇ ಮಾತು: "ಅವಳು ಹೇಗಿದ್ದಾಳೆ ಅಂತ ಕಣ್ಣಾರೆ ನೋಡ್ಕೊಂಡು ಬಾಪ್ಪ. ಫೋನಿನಲ್ಲಿ ಯಾವಾಗ ಕೇಳಿದ್ರೂ ಚೆನ್ನಾಗಿದ್ದೀನಿ ಅಂತಾನೇ ಹೇಳ್ತಾಳೆ." ಸಾರಿನ ಪುಡಿ, ರಾಗಿ ಹುರಿಹಿಟ್ಟು ಪೆಟ್ಟಿಗೆ ಸೇರಿದವು. ಮನೆಯಲ್ಲೇ ಕಾಯಿಸಿದ ತುಪ್ಪ ಮಾತ್ರ ಉಳಿಯಿತು. ನಮ್ಮ ದೇಶದಿಂದ ಹಾಲಿನ ಪದಾರ್ಥಗಳನ್ನಾಗಲಿ ಮಾಂಸವನ್ನಾಗಲಿ ಬ್ರಿಟನ್ನಿಗೆ ಒಯ್ಯಲು ಪ್ರಯಾಣಿಕರಿಗೆ ಅನುಮತಿ ಇಲ್ಲ. ಅಮ್ಮನಿಗೆ ಈ ಕಾನೂನು ಕೊನೆಯವರೆಗೂ ಅರ್ಥವಾಗಲಿಲ್ಲ.

ತಂಗಿಯ ಸಂಸಾರ ಇರುವುದು ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್ ಪಟ್ಟಣದಲ್ಲಿ. ಥೇಮ್ಸ್ ನದಿಗೆ ಕೆನೆಟ್ ನದಿ ಬಂದು ಸೇರುವುದು ಇಲ್ಲಿಯೇ. ಸಾಲುಮನೆಗಳ ಬೀದಿಯಲ್ಲಿ ಅವರದೊಂದು ಚಿಕ್ಕ ಮನೆ. ಕೆಳಗೆ ಅಡಿಗೆಮನೆ, ಕೂರುವ ಕೋಣೆ. ಮೇಲೆ ಮೂರು ಮಲಗುವ ಕೋಣೆಗಳು. ಬಟ್ಟೆ ಒಗೆಯುವ ಯಂತ್ರ ಅಡಿಗೆಮನೆಯಲ್ಲೇ ಕುಳಿತಿರುತ್ತದೆ. ಊರಿನಲ್ಲಿ ನಾವು 'ಲಂಡನ್ ಮನೆ' ಎಂದು ಕಲ್ಪಿಸಿಕೊಳ್ಳುವ ವೈಭವ ಅಲ್ಲಿಲ್ಲ. ಕೆಲಸದವರಿಲ್ಲ, ಕಾರಿಗೆ ಚಾಲಕನಿಲ್ಲ. ಅಡಿಗೆ, ಒಗೆತ, ಇಸ್ತ್ರಿ, ಕಸ ಎಲ್ಲವೂ ಮನೆಯ ನಾಲ್ವರ ಪಾಲು. ಒಂದು ವಾರ ಮರುಬಳಕೆಯ ವಸ್ತುಗಳ ಡಬ್ಬಿ, ಮರುವಾರ ಉಳಿದ ಕಸದ ಡಬ್ಬಿ ಬೀದಿಗೆ ಬರಬೇಕು. ಯಾವ ವಾರ ಯಾವುದೆಂಬುದನ್ನು ಹನ್ನೆರಡು ವರ್ಷದ ಸೋದರಳಿಯ ಪಂಚಾಂಗದಂತೆ ಬಾಯಿಪಾಠ ಮಾಡಿಕೊಂಡಿದ್ದ.

ಗುರುಮಠದಲ್ಲಿ ಸರದಿಯಂತೆ ಪಾತ್ರೆ ತೊಳೆದ ಕೈ ನನ್ನದು. ಎರಡನೆಯ ದಿನವೇ ಆ ಹಳೆಯ ಕೆಲಸವನ್ನು ಕೇಳಿ ಪಡೆದೆ. "ಬೇಡ ಅಣ್ಣ, ನೀವು ಕೂತ್ಕೊಳ್ಳಿ" ಎಂದು ತಂಗಿ ಮೊದಮೊದಲು ಅಡ್ಡ ಬಂದಳು, ಆಮೇಲೆ ಸುಮ್ಮನಾದಳು. ನಿಜ ಹೇಳಬೇಕೆಂದರೆ, ಆ ಮೂರು ವಾರಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ಹೊತ್ತು ಅದೇ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ಗಂಟೆಯ ನಂತರ. ಊಟ ಮುಗಿದರೂ ಹೊರಗೆ ಬೆಳಕು. ನಾನು ಪಾತ್ರೆ ತೊಳೆಯುವುದು, ಅವಳು ಒರೆಸುವುದು. ನಡುವೆ ಬ್ಯಾಟರಾಯನಪುರದ ಸುದ್ದಿ. ಎದುರು ಮುಖ ನೋಡುತ್ತಾ ಕುಳಿತಾಗ ಬಾಯಿಗೆ ಬಾರದ ಮಾತುಗಳು ಕೈಯಲ್ಲಿ ಕೆಲಸವಿದ್ದಾಗ ತಾವಾಗಿಯೇ ಬರುತ್ತವೆ.

ತಂಗಿಯ ಯಜಮಾನರಿಗೆ ಪಟ್ಟಣದ ಅಂಚಿನಲ್ಲಿ ಒಂದು ತುಂಡು ನೆಲವಿದೆ. ಅವರ ಸ್ವಂತದ್ದಲ್ಲ, ಅಲಾಟ್‌ಮೆಂಟ್ ಎಂದು ಕರೆಯುವ ಈ ನೆಲವನ್ನು ಸ್ಥಳೀಯ ಆಡಳಿತ ತರಕಾರಿ ಬೆಳೆದುಕೊಳ್ಳಲು ನಾಗರಿಕರಿಗೆ ಬಾಡಿಗೆಗೆ ಕೊಡುತ್ತದೆ. ಪೂರ್ಣ ಅಳತೆಯ ತುಂಡೆಂದರೆ ಸುಮಾರು 250 ಚದರ ಮೀಟರ್. ನಮ್ಮ ಲೆಕ್ಕದಲ್ಲಿ 40–60ರ ನಿವೇಶನಕ್ಕಿಂತ ತುಸು ದೊಡ್ಡದು. ಇವರದು ಅದರರ್ಧ. ಅಲ್ಲಿ ಮೆಂತ್ಯ, ಕೊತ್ತಂಬರಿ, ಹುರುಳಿಕಾಯಿ ಬೆಳೆಯುತ್ತಿದ್ದರು. ಪಕ್ಕದ ತುಂಡಿನ ವೃದ್ಧ ಆಂಗ್ಲರು ಆಲೂಗಡ್ಡೆ ಕೊಟ್ಟರೆ ಇವರು ಸೊಪ್ಪು ಕೊಡುವರು. ತೋಟಗಳೆಲ್ಲ ನಿವೇಶನಗಳಾದ ಊರಿನಿಂದ ಹೋದ ನನಗೆ, ನಗರದೊಳಗೆ ಹೀಗೊಂದು ನೆಲ ಬೇಸಾಯಕ್ಕೆಂದೇ ಉಳಿದಿರುವುದು ಕಂಡು ಸಂತೋಷವೂ ಆಯಿತು, ಒಂದಿಷ್ಟು ಅಸೂಯೆಯೂ ಆಯಿತು. ಆ ಮೆಂತ್ಯಸೊಪ್ಪಿನ ಸಾರು, ಅಂಗಡಿಯಲ್ಲಿ ತಂದ ರಾಗಿಹಿಟ್ಟಿನ ಮುದ್ದೆ, ಇವು ನಮ್ಮ ಹಬ್ಬದೂಟವಾದವು.

ಬೆಳಿಗ್ಗೆ ಬಸ್ಸು ಹಿಡಿದು ಸಂತ ಜೇಮ್ಸ್‌ರ ದೇವಾಲಯಕ್ಕೆ ಬಲಿಪೂಜೆಗೆ ಹೋಗುತ್ತಿದ್ದೆ. ಇಳಿಯುವಾಗ ಪ್ರತಿಯೊಬ್ಬ ಪ್ರಯಾಣಿಕನೂ ಚಾಲಕನಿಗೆ 'ಥ್ಯಾಂಕ್ಯೂ' ಎಂದು ಹೇಳಿಯೇ ಇಳಿಯುತ್ತಾನೆ. ನನಗೂ ಆ ರೂಢಿ ಅಂಟಿ, ಈಗ ಬಳ್ಳಾರಿ ರಸ್ತೆಯಲ್ಲಿ ಬಿಎಂಟಿಸಿ ಬಸ್ಸಿನಿಂದ ಇಳಿಯುವಾಗಲೂ ಹೇಳುತ್ತೇನೆ. ಕಂಡಕ್ಟರ್ ವಿಚಿತ್ರವಾಗಿ ನೋಡುತ್ತಾರೆ. 1840ರಲ್ಲಿ ತೆರೆದ ಆ ದೇವಾಲಯದ ಮಗ್ಗುಲಲ್ಲೇ, 1121ರಲ್ಲಿ ಅರಸ ಒಂದನೆಯ ಹೆನ್ರಿ ಸ್ಥಾಪಿಸಿದ ಮಹಾಮಠದ ಪಾಳುಗೋಡೆಗಳು ನಿಂತಿವೆ. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ, 1539ರಲ್ಲಿ, ಕೊನೆಯ ಮಠಾಧಿಪತಿ ಹ್ಯೂ ಫ್ಯಾರಿಂಗ್‌ಡನ್‌ರನ್ನು ಇಲ್ಲಿ ಗಲ್ಲಿಗೇರಿಸಲಾಯಿತು. 1895ರಲ್ಲಿ ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿತು. ಇಂದು ಆ ಕಲ್ಲುಗಳ ಪಕ್ಕದಲ್ಲಿ ಪೋಲೆಂಡ್, ಫಿಲಿಪ್ಪೀನ್ಸ್, ನೈಜೀರಿಯ, ಕೇರಳ, ಗೋವೆಗಳಿಂದ ಬಂದವರು ಮೊಣಕಾಲೂರುತ್ತಾರೆ. ಅವರಲ್ಲಿ ಹಲವರು ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದವರು. ಕೆಲವರ ಮೇಲಂಗಿಯ ಕೆಳಗೆ ಆಸ್ಪತ್ರೆಯ ಸಮವಸ್ತ್ರ ಕಾಣುತ್ತಿತ್ತು.

ತಂಗಿಯೂ ಹಾಗೆಯೇ. ಹನ್ನೆರಡು ಗಂಟೆಗಳ ಪಾಳಿ, ಅದೂ ವೃದ್ಧರ ವಾರ್ಡಿನಲ್ಲಿ. ಒಂದು ಸಂಜೆ ಪಾತ್ರೆ ಒರೆಸುತ್ತಾ ಅವಳು ಹೇಳಿದಳು: "ಅಣ್ಣ, ಬಿದ್ದ ಅಜ್ಜಿಯರನ್ನ ಎತ್ತಿ ಕೂರಿಸೋದೇ ನನ್ನ ಕೆಲಸ. ಒಬ್ಬೊಬ್ಬರನ್ನ ಎತ್ತುವಾಗಲೂ ಅಮ್ಮನ ನೆನಪು. ಅಲ್ಲಿ ಅಮ್ಮ ಬಿದ್ದರೆ, ಆ ಹೊತ್ತಿಗೆ ನಾನು ಇಲ್ಲಿ ಬೇರೆ ಯಾರದೋ ಅಮ್ಮನನ್ನ ಎತ್ತುತ್ತಾ ಇರ್ತೀನಿ." ನಾನು ಉತ್ತರ ಹೇಳಲಿಲ್ಲ. ನಲ್ಲಿ ಮಾತ್ರ ಸುರಿಯುತ್ತಿತ್ತು.

ಅಮ್ಮನನ್ನು ಕರೆಸಿಕೊಳ್ಳಬಾರದೇ ಎಂದು ಕೇಳುವವರುಂಟು. ವಯಸ್ಸಾದ ತಂದೆತಾಯಿಗಳನ್ನು ಶಾಶ್ವತವಾಗಿ ಕರೆಸಿಕೊಳ್ಳುವ ನಿಯಮವನ್ನು ಬ್ರಿಟನ್ 2012ರ ಜುಲೈನಲ್ಲಿ ಬಹಳ ಬಿಗಿಗೊಳಿಸಿತು. ನಿತ್ಯದ ಕೆಲಸಗಳಿಗೂ ಬಹುಕಾಲ ಪರರ ಆರೈಕೆ ಬೇಕಾದ ಸ್ಥಿತಿ ತಲುಪಿರಬೇಕು. ಆ ಆರೈಕೆ ಸ್ವದೇಶದಲ್ಲಿ ದೊರೆಯುವಂತಿಲ್ಲ, ಅಥವಾ ಮಕ್ಕಳು ಹಣ ಕಳುಹಿಸಿದರೂ ಕೈಗೆಟುಕುವಂತಿಲ್ಲ ಎಂದು ತೋರಿಸಬೇಕು. ಇಲ್ಲವಾದರೆ ಸಂದರ್ಶಕರಾಗಿ ಒಂದು ಸಲಕ್ಕೆ ಹೆಚ್ಚೆಂದರೆ ಆರು ತಿಂಗಳು. ಅಮ್ಮ ಹಾಗೆ ಒಮ್ಮೆ ಹೋಗಿ ನಾಲ್ಕು ತಿಂಗಳು ಇದ್ದು ಬಂದರು. ಎರಡನೆಯ ಸಲಕ್ಕೆ ಮನಸ್ಸು ಮಾಡಲಿಲ್ಲ. ಹಗಲೆಲ್ಲ ಮುಚ್ಚಿದ ಬಾಗಿಲು, ಜಗಲಿಯಿಲ್ಲದ ಮನೆ, ಹೆಸರು ಹಿಡಿದು ಕೂಗುವವರಿಲ್ಲದ ಬೀದಿ ಅವರಿಗೆ ಒಗ್ಗಲಿಲ್ಲ. ಮಗಳು ಅಲ್ಲಿಂದ ಬರುವಂತಿಲ್ಲ, ತಾಯಿ ಇಲ್ಲಿಂದ ಹೋಗುವಂತಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ; ಆದರೂ ನೋವು ಇಬ್ಬರಿಗೂ ತಪ್ಪಿದ್ದಲ್ಲ.

ಆ ನೋವಿನ ನಡುವೆಯೂ ಅವರು ಕಟ್ಟಿಕೊಂಡಿರುವ ಒಂದು ಏರ್ಪಾಡನ್ನು ಕಂಡು ನಾನು ದೇವರನ್ನು ಸ್ತುತಿಸಿದೆ. ಪ್ರತಿ ಭಾನುವಾರ ಅಲ್ಲಿ ಮಧ್ಯಾಹ್ನವಿರುವಾಗ ಇಲ್ಲಿ ರಾತ್ರಿ ಎಂಟು. ಆಗ ಅಮ್ಮ ಫೋನಿನಲ್ಲಿ ಜಪಸರ ಆರಂಭಿಸುತ್ತಾರೆ, ಆ ಮನೆಯವರು ಉತ್ತರ ಹೇಳುತ್ತಾರೆ. ಇಡೀ ವಾರ ಇಂಗ್ಲಿಷಿನಲ್ಲೇ ಮಾತಾಡುವ ಮಕ್ಕಳ ಬಾಯಲ್ಲಿ ಆಗ ಕನ್ನಡದ ಪ್ರಾರ್ಥನೆ. ಕೆಲವು ಅಕ್ಷರಗಳು ಜಾರುತ್ತವೆ. ಅಜ್ಜಿ ನಿಲ್ಲಿಸಿ ತಿದ್ದುತ್ತಾರೆ, ಮುಂದೆ ಸಾಗುತ್ತಾರೆ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನೂ ಮಕ್ಕಳು ನನಗೆ ತೋರಿಸಿದರು. ಹೆಮ್ಮೆಯೆನಿಸಿತು. ಆದರೆ ಕನ್ನಡ ಆ ದೇಶದಲ್ಲಿ ನನಗೆ ಹೆಚ್ಚು ಜೀವಂತವಾಗಿ ಕಂಡದ್ದು ಆ ಭಾನುವಾರದ ಅರ್ಧ ಗಂಟೆಯಲ್ಲಿ.

ಶುಭಸಂದೇಶದಲ್ಲಿ ಮಾತೆ ಮರಿಯಳು ತನ್ನ ಬಂಧು ಎಲಿಜಬೇತಳನ್ನು ನೋಡಲು ಜುದೇಯದ ಬೆಟ್ಟನಾಡಿಗೆ ಹೋದ ಪ್ರಸಂಗವನ್ನು ನಾವೆಲ್ಲ ಬಲ್ಲೆವು. ಬಾಗಿಲಲ್ಲಿ ನಡೆದ ವಂದನೆ, ಅಲ್ಲಿ ಮೂಡಿದ ಸ್ತುತಿಗೀತೆ ನಮಗೆ ನೆನಪಿದೆ. ಆಕೆ ಅಲ್ಲಿ ಸುಮಾರು ಮೂರು ತಿಂಗಳು ಇದ್ದಳೆಂದು ಲೂಕನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ. ಆ ತಿಂಗಳುಗಳಲ್ಲಿ ಏನು ನಡೆಯಿತು? ಬರೆದಿಲ್ಲ. ನೀರು ಹೊತ್ತಿರಬೇಕು, ಹಿಟ್ಟು ನಾದಿರಬೇಕು, ರಾತ್ರಿ ಇಬ್ಬರೂ ಮಾತಾಡುತ್ತಾ ಕುಳಿತಿರಬೇಕು. ಬರೆಯಲು ವಿಶೇಷವೇನೂ ಇಲ್ಲದ ಆ ದಿನಗಳೇ ಆ ಭೇಟಿಯ ಬಹುಭಾಗವಲ್ಲವೇ?

ಹಿಂದಿರುಗಿದ ಮೇಲೆ ಅಮ್ಮನಿಗೆ ನಾನು ಹೇಳಿದ್ದೂ ಇಂಥವನ್ನೇ. ಅವಳ ಅಡಿಗೆಮನೆಯ ಕಿಟಕಿ ಯಾವ ಕಡೆಗಿದೆ, ಪಾಳಿಗೆ ಹೋಗುವಾಗ ಡಬ್ಬಿಗೆ ಏನು ತುಂಬಿಕೊಳ್ಳುತ್ತಾಳೆ, ಯಾವ ಅಜ್ಜಿ ಅವಳ ಕೈ ಬಿಡುವುದಿಲ್ಲ ಎಂದೆಲ್ಲ. ಮಗಳು ಸುಖವಾಗಿದ್ದಾಳೆಂದೂ, ದಣಿದಿದ್ದಾಳೆಂದೂ, ಎರಡನ್ನೂ ಹೇಳಿದೆ. ಅಮ್ಮ ಎರಡನ್ನೂ ನಂಬಿದರು.

ಪ್ರಿಯ ಓದುಗರೇ, ಪರದೇಶದ ನಿಮ್ಮವರ ಮನೆಗೆ ಹೋಗುವ ಅವಕಾಶ ಬಂದರೆ ಎರಡು ದಿನ ಊರು ನೋಡಿ, ಉಳಿದ ದಿನ ಮನೆಯಲ್ಲಿರಿ; ಅವರ ಪಾತ್ರೆ ತೊಳೆಯಿರಿ. ಹೋಗಲಾಗದವರಿಗೂ ದಾರಿಯುಂಟು. ಬ್ಯಾಟರಾಯನಪುರ, ಕೊಡಿಗೇಹಳ್ಳಿ, ಸಹಕಾರನಗರದ ಬೀದಿಗಳಲ್ಲಿ ಮಕ್ಕಳೆಲ್ಲ ಹೊರದೇಶದಲ್ಲಿರುವ ವೃದ್ಧರ ಮನೆಗಳು ಎಷ್ಟೋ ಇವೆ. ಪರಮಪ್ರಸಾದ ಕೊಡಲು ಹೋದಾಗಲೆಲ್ಲ ನಾನು ಈಗ ಅರ್ಧ ಗಂಟೆ ಹೆಚ್ಚಾಗಿ ಕೂರುತ್ತೇನೆ. ಗೋಡೆಯ ಮೇಲಿನ ಮೊಮ್ಮಕ್ಕಳ ಚಿತ್ರ ತೋರಿಸಿ ಅವರು ಮಾತು ತೆಗೆಯುತ್ತಾರೆ. ನೀವೂ ಹೋಗಿ ಕೇಳಿ. ದೂರದ ಮಗಳೊಬ್ಬಳು ಅಲ್ಲಿ ಯಾರದೋ ತಾಯಿಯನ್ನು ಎತ್ತಿ ಕೂರಿಸುತ್ತಿರುವಾಗ, ಅವಳ ತಾಯಿಯ ಬಾಗಿಲು ತಟ್ಟುವ ಕೆಲಸ ಇಲ್ಲಿರುವ ನಮ್ಮದು.