ಪಿಲ್ಲಗುಂಪೆಯ ವಠಾರದಲ್ಲಿ ಕ್ರೋಶಾ ಪಾಠ

ಹೊಸಕೋಟೆ ಅಂದ ತಕ್ಷಣ ಬೆಂಗಳೂರಿನ ನನ್ನ ಫ್ರೆಂಡ್ಸ್‌ಗೆ ನೆನಪಾಗೋದು ಬೆಳಗಿನ ಜಾವದ ದಮ್ ಬಿರಿಯಾನಿ. ವೀಕೆಂಡ್ ಬಂದರೆ ಕತ್ತಲಲ್ಲೇ ಎದ್ದು ಕಾರು ಹತ್ತಿ ಬರುತ್ತಾರೆ, ಕ್ಯೂ ನಿಲ್ಲುತ್ತಾರೆ, ತಿಂದು ವಾಪಸ್ ಹೊರಡುತ್ತಾರೆ. ಪಕ್ಕದ ಪಿಲ್ಲಗುಂಪೆಗೆ ಮಾತ್ರ ಯಾರೂ ನೋಡೋಕೆ ಅಂತ ಬರಲ್ಲ. ಇದು ಕೆಐಎಡಿಬಿಯ ಕೈಗಾರಿಕಾ ಪ್ರದೇಶ. ಇಲ್ಲಿಗೆ ಬರುವವರು ಕುತ್ತಿಗೆಗೆ ಐಡಿ ಕಾರ್ಡ್ ನೇತುಹಾಕಿಕೊಂಡು ಶಿಫ್ಟ್‌ಗೆ ಬರುವ ನಮ್ಮಂಥವರು.

ನಾನು ಇಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಮೊದಲು ಕೆ.ಆರ್. ಪುರದಿಂದ ಓಡಾಡುತ್ತಿದ್ದೆ. ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್‌ನಲ್ಲಿ ದಿನಕ್ಕೆರಡು ಸಲ ನಿಂತು ನಿಂತು ಸಾಕಾಗಿ, ಹತ್ತಿರದಲ್ಲೇ ಒಂದು ವಠಾರದಲ್ಲಿ ಮನೆ ಹಿಡಿದೆ. ಸಾಲಾಗಿ ಎಂಟು ಮನೆ, ಮಧ್ಯೆ ಒಂದು ನೀರಿನ ತೊಟ್ಟಿ. ಒಂದು ಮನೆಯಲ್ಲಿ ಒಡಿಶಾದ ಹುಡುಗರು, ಇನ್ನೊಂದರಲ್ಲಿ ರಾಯಚೂರಿನ ಕುಟುಂಬ. ಹೊರಗೆ ಕಂಟೇನರ್ ಲಾರಿಗಳು ಹೋದರೆ ಕಿಟಕಿ ಗಾಜು ನಡುಗುತ್ತೆ. ಒಗೆದು ಒಣಹಾಕಿದ ಬಟ್ಟೆಯನ್ನು ಎರಡೆರಡು ಸಲ ಕೊಡವಿ ಒಳಗೆ ತರಬೇಕು, ಅಷ್ಟು ದೂಳು.

ಈ ದೂಳಿನ ನಡುವೆ ಮೂರನೇ ಮನೆಯ ಅಕ್ಕ ಮಧ್ಯಾಹ್ನ ಹೊಸಿಲ ಮೇಲೆ ಕೂತು, ಮಡಿಲಲ್ಲಿ ಬಿಳಿ ಪಂಚೆ ಹಾಸಿಕೊಂಡು, ಅದರ ಮೇಲೆ ಯಾರದೋ ಮದುವೆಯ ರೇಷ್ಮೆ ಸೀರೆ ಇಟ್ಟುಕೊಂಡು ಕುಚ್ಚು ಹಾಕುತ್ತಾರೆ. ಬರೀ ಗಂಟು ಹಾಕುವ ಕುಚ್ಚಲ್ಲ, ಈಗ ಎಲ್ಲರೂ ಕೇಳುವ ಕ್ರೋಶಾ ಕುಚ್ಚು. ಕೂದಲೆಳೆಯಂಥ ದಾರ, ಸೂಜಿಯಷ್ಟು ಸಣ್ಣ ಸ್ಟೀಲ್ ಹುಕ್, ಮಧ್ಯೆ ಮಧ್ಯೆ ಮಣಿ. ಸೆರಗಿನ ಅಂಚು ಸುಮಾರು 45 ಇಂಚು. ಆ ಉದ್ದಕ್ಕೂ ಕಣ್ಣು ಕೀಳುವ ಹಾಗಿಲ್ಲ.

ಡ್ಯೂಟಿ ಮುಗಿದ ಮೇಲೆ ಫೋನ್ ಬಿಟ್ಟು ಬೇರೆ ಏನಾದರೂ ಕೈಗೆ ಬೇಕು ಅಂತ ನನಗೂ ಇತ್ತು. ಕಲಿಸಿ ಅಂದೆ.

"ಕುಚ್ಚು ಬ್ಯಾಡ ಬುಡಮ್ಮ, ಕಣ್ಣು ಹೋಯ್ತದೆ. ದಪ್ಪ ದಾರ ತಗೊಂಬಾ, ಅಡುಗೆಮನೆಗೆ ಏನಾದ್ರೂ ಹಾಕು" ಅಂದರು.

ಒಳ್ಳೆಯ ಸಲಹೆ. ಹೊಸದಾಗಿ ಕಲಿಯುವವರಿಗೆ 3.5 ಅಥವಾ 4 ಮಿ.ಮೀ. ಹುಕ್ ಹಿಡಿಯಲು ಸುಲಭ. ಮೊದಲು ಸರಪಳಿ, ಆಮೇಲೆ ಸಿಂಗಲ್ ಕ್ರೋಶಾ, ಇವೆರಡು ಬಂದರೆ ಅಡುಗೆಮನೆಗೆ ಬೇಕಾದ್ದೆಲ್ಲ ಬಂತು. (ಯೂಟ್ಯೂಬ್ ನೋಡಿ ಕಲಿಯುವವರು ಗಮನಿಸಿ: ಅಮೆರಿಕದವರ ಸಿಂಗಲ್ ಕ್ರೋಶಾವನ್ನೇ ಬ್ರಿಟಿಷರು ಡಬಲ್ ಅನ್ನುತ್ತಾರೆ.) ನಾನು ಮೊದಲು ಹಾಕಿದ್ದು ಕಾಫಿ ಲೋಟದ ಕೆಳಗೆ ಇಡುವ ಕೋಸ್ಟರ್. ದಾರದ ಒಂದು ಉಂಗುರದೊಳಗೆ 6 ಸಿಂಗಲ್ ಕ್ರೋಶಾ. ಮುಂದಿನ ಸುತ್ತಿಗೆ 12, ಆಮೇಲೆ 18, 24. ಹೀಗೆ ಸುತ್ತಿಗೆ ಆರಾರು ಏರಿಸಿದರೆ ಚಪ್ಪಟೆಯಾಗಿ ಕೂರುತ್ತೆ. ಕಡಿಮೆ ಏರಿಸಿದರೆ ಬಟ್ಟಲಾಗುತ್ತೆ, ಜಾಸ್ತಿಯಾದರೆ ಅಂಚು ನೆರಿಗೆ ನೆರಿಗೆ. ಬಟ್ಟಲೇ ಬೇಕಿದ್ದರೆ ಏರಿಸೋದನ್ನು ನಿಲ್ಲಿಸಿ ಸುಮ್ಮನೆ ಸುತ್ತುತ್ತಾ ಹೋಗಿ, ಕೀ, ಚಿಲ್ಲರೆ ಹಾಕಿಡೋಕೆ ಆಯ್ತು.

ದಾರದ ವಿಷಯಕ್ಕೆ ಬಂದರೆ ಅಕ್ಕ ಬಹಳ ಸ್ಟ್ರಿಕ್ಟ್. ಹೊಸಕೋಟೆ ಕಡೆ ರಾತ್ರಿ ಆದರೆ ಮುದ್ದೆ. ಹಿಂದೆ ಸೌದೆ ಒಲೆಯ ಮೇಲೆ ಪಾತ್ರೆ ಅಲ್ಲಾಡದಂತೆ ಕವೆಗೋಲು ಕೊಟ್ಟು ತೊಳಸುತ್ತಿದ್ದರು. ಈಗ ಗ್ಯಾಸ್ ಮೇಲೆ ಒಂದು ಕೈಯಲ್ಲಿ ಮಸಿಬಟ್ಟೆ ಸುತ್ತಿ ಪಾತ್ರೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮುದ್ದೆ ಕೋಲು ತಿರುವಬೇಕು. ಕಾದ ಅಲ್ಯೂಮಿನಿಯಂ ಪಾತ್ರೆಗೆ ಅಂಗೈ ಹೀಗೆ ಒತ್ತಿ ಹಿಡಿಯುವಾಗ ನಡುವೆ ಇರೋದು ಅಕ್ರಿಲಿಕ್ ಉಲ್ಲನ್ ಆದರೆ ಅಪಾಯ. ಅದು ಒಂಥರಾ ಪ್ಲಾಸ್ಟಿಕ್ಕೇ, ಬಿಸಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತೆ. ಅಂಗಡಿಯಲ್ಲಿ ಬಣ್ಣಬಣ್ಣವಾಗಿ ಕಡಿಮೆ ಬೆಲೆಗೆ ಸಿಗುವ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್ಕೇ. ಸೋಫಾ ಕುಶನ್‌ಗೆ ಚೆಂದ, ಒಲೆ ಹತ್ತಿರ ಬೇಡ.

ಪರೀಕ್ಷೆ ಸುಲಭ. ರೇಷ್ಮೆ ಅಸಲಿಯೋ ನಕಲಿಯೋ ನೋಡಲು ಅಕ್ಕ ಮಾಡುವುದೂ ಇದನ್ನೇ. ಒಂದು ತುಂಡು ದಾರವನ್ನು ಸಿಂಕ್ ಮೇಲೆ ಚಿಮಟದಲ್ಲಿ ಹಿಡಿದು ಕಡ್ಡಿ ಗೀರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಉದುರುವ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಅಕ್ರಿಲಿಕ್ ಕರಗಿ, ತಣ್ಣಗಾದ ಮೇಲೆ ಗಟ್ಟಿ ಕರಿಮಣಿಯಾಗುತ್ತೆ.

ಹಾಗಾಗಿ ಪಾತ್ರೆ ಹಿಡಿಯುವ ಪ್ಯಾಡ್‌ಗೆ ಹತ್ತಿಯೇ ಬೇಕು, ಅದೂ ಎರಡು ಪದರ. ಎರಡು ಪದರ ತಾನಾಗೇ ಬರುವ ಒಂದು ವಿಧಾನ ನನಗೆ ತುಂಬಾ ಇಷ್ಟ. 10 ಇಂಚು ಸರಪಳಿ ಹಾಕಿ. ಅದರ ಒಂದು ಬದಿ ಪೂರ್ತಿ ಸಿಂಗಲ್ ಕ್ರೋಶಾ, ತುದಿಗೆ ಬಂದಾಗ ಹಾಗೇ ತಿರುಗಿ ಇನ್ನೊಂದು ಬದಿಗೆ. ಎಲ್ಲೂ ಏರಿಸದೆ ಸುತ್ತುತ್ತಾ ಹೋದರೆ ಒಂದು ಚೀಲದ ಆಕಾರ ಬರುತ್ತೆ. ಎತ್ತರ ಸುಮಾರು 5 ಇಂಚು ಆದಾಗ ಬಾಯಿಯ ಎರಡು ತುದಿಗಳನ್ನು ಮಧ್ಯಕ್ಕೆ ಮಡಚಿದರೆ ಅಂಚಿಗೆ ಅಂಚು ಕೂಡಿ ಸುಮಾರು 7 ಇಂಚಿನ ಚೌಕ. ಕೋನದಿಂದ ಕೋನಕ್ಕೆ ಹೊಲಿದುಬಿಡಿ, ಆಯ್ತು. ತೂತು ತೂತಿನ ಲೇಸ್ ಡಿಸೈನ್ ಇದಕ್ಕೆ ಬೇಡ, ಒದ್ದೆಯಾದಾಗ ಬಳಸಲೂಬೇಡಿ. ನೀರು ಹೀರಿದ ಬಟ್ಟೆ ಬಿಸಿಯನ್ನು ನೇರ ಕೈಗೆ ದಾಟಿಸುತ್ತೆ.

ಇನ್ನೆರಡು ವಸ್ತು ನಮ್ಮ ಅಜ್ಜಿಯರ ಅಡುಗೆಮನೆಯವೇ. ದಪ್ಪ ಹತ್ತಿ ಹಗ್ಗದ ಸುತ್ತ ಸಿಂಗಲ್ ಕ್ರೋಶಾ ಹಾಕುತ್ತಾ ಸುರುಳಿ ಸುತ್ತಿದರೆ ಸಿಂಬೆ, ಕುಕ್ಕರ್ ಇಳಿಸಿ ಇಡೋಕೆ. ಸರಪಳಿಗಳನ್ನೇ ಬಲೆಯಂತೆ ಹೆಣೆದು ಮೇಲೆ ಕುಣಿಕೆ ಕೊಟ್ಟರೆ ನೆಲುವು. ಅಜ್ಜಿ ಬೆಕ್ಕಿನ ಕಾಟಕ್ಕೆ ಬೆಣ್ಣೆ ಗಡಿಗೆ ಇಡುತ್ತಿದ್ದರು, ನಾನು ಈರುಳ್ಳಿ ಬೆಳ್ಳುಳ್ಳಿ ಹಾಕಿದ್ದೀನಿ. ಗಾಳಿಯಾಡುತ್ತೆ, ಮೊಳಕೆ ಬೇಗ ಬರಲ್ಲ.

ನಮ್ಮ ಫ್ಯಾಕ್ಟರಿಯಲ್ಲಿ ಪ್ರತಿ ಪಾರ್ಟ್‌ಗೂ ಸೈಕಲ್ ಟೈಮ್ ಇದೆ. ಎಷ್ಟು ಸೆಕೆಂಡಿಗೆ ಒಂದು ಬರಬೇಕು ಅಂತ ಬೋರ್ಡ್ ಮೇಲೆ ಬರೆದಿರುತ್ತೆ, ಬೆಲೆ ಅದರ ಮೇಲೇ ನಿಲ್ಲೋದು. ಆ ಅಭ್ಯಾಸದಲ್ಲೇ ಒಂದು ಭಾನುವಾರ ಅಕ್ಕನ ಪಕ್ಕ ಫೋನಿನ ಸ್ಟಾಪ್‌ವಾಚ್ ಇಟ್ಟೆ. ಅಡುಗೆಗೆ, ನೀರು ಹಿಡಿಯೋಕೆ ಎದ್ದಾಗೆಲ್ಲ ನಿಲ್ಲಿಸುತ್ತಿದ್ದೆವು. ಎರಡು ದಿನದಲ್ಲಿ ಮುಗಿದ ಒಂದು ಸೀರೆಗೆ 7 ಗಂಟೆ 40 ನಿಮಿಷ. ದಾರ, ಮಣಿ ಕೊಟ್ಟು ಸೀರೆ ಕಳಿಸುವ ಬೊಟಿಕ್‌ನವರು ಅದಕ್ಕೆ ಕೊಟ್ಟದ್ದು 350 ರೂಪಾಯಿ. ಗಂಟೆಗೆ 46 ಕೂಡ ಬೀಳಲಿಲ್ಲ.

ಅಕ್ಕ ಲೆಕ್ಕ ನೋಡಿ ನಕ್ಕರು. "ಮನೇಲಿ ಸುಮ್ನೆ ಕೂತಿರ್ತೀಯಲ್ಲ ಅಂತಾರೆ ಕಣಮ್ಮ."

ಈ ಮಾತು ಹೊಸದಲ್ಲ. ಆಂಧ್ರದ ಗೋದಾವರಿ ಸೀಮೆಯ ನರಸಾಪುರದಲ್ಲಿ 19ನೇ ಶತಮಾನದಲ್ಲಿ ಮಿಷನರಿಗಳ ಮೂಲಕ ಬಂದ ಕ್ರೋಶಾ ಲೇಸ್ ಕೆಲಸ ಇವತ್ತಿಗೂ ಇದೆ, ವಿದೇಶಕ್ಕೂ ಹೋಗುತ್ತೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿನ ಹೆಂಗಸರ ಬಗ್ಗೆ 1982ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅವರನ್ನು 'ಗೃಹಿಣಿ' ಅಂತ, ಅವರ ದುಡಿಮೆಯನ್ನು 'ಬಿಡುವಿನ ಕೆಲಸ' ಅಂತ ಕರೆದದ್ದರಿಂದಲೇ ಕೂಲಿ ಅಷ್ಟು ಕಡಿಮೆ ಉಳಿಯಿತು ಅನ್ನೋದು ಅದರ ತಿರುಳು. ಬಟ್ಟೆ ನೇಯುವ, ಸ್ವೆಟರ್ ಹೆಣೆಯುವ ಯಂತ್ರಗಳು ಎಷ್ಟೋ ಇವೆ. ಆದರೆ ಮಾರುಕಟ್ಟೆಯಲ್ಲಿ ನೀವು ನೋಡುವ ನಿಜವಾದ ಕ್ರೋಶಾ ಯಾರದೋ ಕೈಯಿಂದಲೇ ಬಂದಿರುತ್ತೆ. ಹಾಗಾಗಿ ಆನ್‌ಲೈನ್‌ನಲ್ಲಿ ಕ್ರೋಶಾ ಕೋಸ್ಟರ್ ತುಂಬಾ ಅಗ್ಗವಾಗಿ ಸಿಕ್ಕಿದರೆ, ಉಳಿತಾಯ ಯಾರ ಗಂಟೆಯಿಂದ ಬಂತು ಅಂತ ನಾನಂತೂ ಒಮ್ಮೆ ಯೋಚಿಸುತ್ತೇನೆ.

ಅಕ್ಕ ಬಿಡುವಿದ್ದಾಗ ಕೆಲವು ಪ್ಯಾಡ್ ಹಾಕಿಕೊಟ್ಟರು, ನಾನು ಆಫೀಸಿಗೆ ಒಯ್ದೆ. ಒಂದಕ್ಕೆ ಎರಡು ಗಂಟೆ ಕೆಲಸ, ದಾರದ ದುಡ್ಡು ಸೇರಿ 200 ರೂಪಾಯಿ ಅಂದೆ. "ಮಸಿಬಟ್ಟೆಗೆ ಇನ್ನೂರಾ?" ಅಂದರು ಒಬ್ಬ ಸಹೋದ್ಯೋಗಿ. ಸಂಜೆ ಅಕ್ಕನಿಗೆ ಹೇಳಿದಾಗ, "ಹಂಗಾದ್ರೆ ಮಸಿಬಟ್ಟೇನೇ ಇಟ್ಕಳ್ಳಿ ಅನ್ನು" ಅಂದರು, ಒಂದು ಚೂರೂ ಬೇಜಾರಿಲ್ಲದೆ. ನಾಲ್ಕು ಪ್ಯಾಡ್ ಮಾರಾಟವಾದವು, ಎರಡು ಉಳಿದವು.

ಸೀರೆಗೆ ಮಾತ್ರ ಅವರು ಸುಮ್ಮನಾಗಲಿಲ್ಲ. ಬೊಟಿಕ್‌ಗೆ ಫೋನ್ ಮಾಡಿ 450 ಅಂದರು. "ನೋಡೋಣ" ಅಂದವರು ಮೂರು ವಾರ ಒಂದೂ ಸೀರೆ ಕಳಿಸಲಿಲ್ಲ. ಆ ಮೂರು ವಾರ ವಠಾರದಲ್ಲಿ ಅಕ್ಕನ ಎದುರು ಹಾದುಹೋಗೋಕೂ ನನಗೆ ಕಷ್ಟವಾಗುತ್ತಿತ್ತು, ಮಗಳ ಟ್ಯೂಷನ್ ಫೀಸ್ ಕಟ್ಟುತ್ತಿದ್ದದ್ದು ಆ ದುಡ್ಡಲ್ಲೇ. ಆಮೇಲೆ ಮದುವೆ ಸೀಸನ್ ಬಂತು, ಜೊತೆಗೆ ಐದು ಸೀರೆ. ಮಣಿ ಜಾಸ್ತಿ ಇರುವ ಎರಡಕ್ಕೆ 450, ಉಳಿದ ಮೂರಕ್ಕೆ ಅದೇ 350.

ಈ ಭಾನುವಾರ ದಾರ ತರೋಕೆ ಇಬ್ಬರೂ ಚಿಕ್ಕಪೇಟೆಗೆ ಹೋಗುತ್ತಿದ್ದೇವೆ. ಬಸ್ಸಲ್ಲಿ ಕೆ.ಆರ್. ಪುರ, ಅಲ್ಲಿಂದ ನೇರಳೆ ಮೆಟ್ರೊ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನ್‌ಗೆ ಬದಲಾಯಿಸಿದರೆ ಮುಂದಿನ ಸ್ಟೇಷನ್ನೇ ಚಿಕ್ಕಪೇಟೆ. ಮಗಳ ಹಳೇ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಅಕ್ಕ ಈಗ ಪ್ರತಿ ಸೀರೆಯ ಮುಂದೆ ಕೂತ ಹೊತ್ತು, ಎದ್ದ ಹೊತ್ತು ಬರೆಯುತ್ತಾರೆ. ಭಾನುವಾರದ ಬಸ್ ಚಾರ್ಜನ್ನೂ ಅದರಲ್ಲೇ ಬರೀಬೇಕಂತೆ.