ಕದಾ ತಗೀಬೇಕಿತ್ತೋ ಬ್ಯಾಡೋ?

ಬಿತ್ತನೆ ಬೀಜಕ್ಕೆಂದು ಶೇಂಗಾ ಸುಲಿಯುವ ದಿನಗಳು ಬಂದರೆ ಸಂಶಿಯ ನಮ್ಮ ಓಣಿಗೆ ಕಥೆಗಳ ಸುಗ್ಗಿ. ಸಂಜೆ ದನಗಳಿಗೆ ಮೇವು ಹಾಕಿ ಹೆಣ್ಣುಮಕ್ಕಳು ಪಡಸಾಲೆಯಲ್ಲಿ ರಾಶಿಯ ಸುತ್ತ ಕೂತರೆ, ನಾವು ಹುಡುಗರೂ ನಡುವೆ ನುಸುಳುತ್ತಿದ್ದೆವು. ಕೈ ನಿಂತರೆ ಅಜ್ಜಿಯ ಕಥೆಯೂ ನಿಲ್ಲುತ್ತಿತ್ತು. ಮಾತು ಮಾತಿಗೂ ಒಬ್ಬರು ‘ಹೂಂ’ ಅನ್ನಬೇಕು. ಹೂಂಗುಟ್ಟುವವ ತೂಕಡಿಸಿದರೆ ಆ ರಾತ್ರಿಗೆ ಕಥೆ ಮುಗಿದಂತೆಯೇ.

ಗುಬ್ಬವ್ವ, ಕಾಗವ್ವನ ಕಥೆ ಎಷ್ಟು ಸಲ ಕೇಳಿದ್ದೆವೋ! ಕಾಗವ್ವನ ಸಗಣಿ ಮನೆ ಮಳೆಗೆ ಕೊಚ್ಚಿಹೋಗುತ್ತದೆ. ಅವಳು ಗುಬ್ಬವ್ವನ ಕಲ್ಲಿನ ಮನೆಯ ಕದ ಬಡಿಯುತ್ತಾಳೆ. ಕೂಸಿಗೆ ಎರೀಬೇಕು, ಹಾಲು ಕುಡಿಸಬೇಕು, ತೊಟ್ಟಿಲಿಗೆ ಹಾಕಬೇಕು ಎಂದು ಗುಬ್ಬವ್ವ ತಡ ಮಾಡುತ್ತಲೇ ಇರುತ್ತಾಳೆ. ಅಜ್ಜಿ ಅಲ್ಲಿಗೆ ನಿಲ್ಲಿಸಿ, ‘ಕದಾ ತಗೀಬೇಕಿತ್ತೋ ಬ್ಯಾಡೋ?’ ಎಂದು ನಮ್ಮನ್ನೇ ಕೇಳುತ್ತಿದ್ದಳು. ಕೂಸು ಸಣ್ಣದಲ್ಲೇನು ಅಂತ ಒಬ್ಬ. ತೋಯ್ಸಿಕೊಂಡು ಬಾಗಿಲಿಗೆ ಬಂದಾಕಿನ್ನ ನಿಲ್ಲಸ್ತಾರೇನು ಅಂತ ಇನ್ನೊಬ್ಬಳು. ಇದರ ನೀತಿ ಇಷ್ಟು ಎಂದು ಅಜ್ಜಿ ಎಂದೂ ಹೇಳಲಿಲ್ಲ. ವಾದ ಗೆಲ್ಲಲು ಮಾತು ಬೇಕಲ್ಲ! ಕೂರಿಗೆ, ಕಣ, ಹಗೇವುಗಳ ಕನ್ನಡವನ್ನು, ಹಿರಿಯರೆದುರು ಮಾತು ಹಿಡಿದು ಮುಗಿಸುವ ರೀತಿಯನ್ನು ನಾವು ಕಲಿತದ್ದು ಅಲ್ಲಿ. ಕರುಣೆ ಕಲಿತದ್ದೂ ಅಲ್ಲೇ.

ನಮ್ಮ ಸೀಮೆಯಲ್ಲಿ ಕಥೆಯೂ ಬದುಕೂ ಅಕ್ಕಪಕ್ಕದ ಮನೆಯವು. ಕಳಸದ ಗೋವಿಂದಭಟ್ಟರು ಶಿಶುನಾಳದ ಷರೀಫರಿಗೆ ತಮ್ಮ ಜನಿವಾರ ಹಾಕಿದ ಕಥೆಯನ್ನು ಓಣಿಯ ಹಿರಿಯರು ನಿನ್ನೆ ಮೊನ್ನೆ ನಡೆದದ್ದೆಂಬಂತೆ ಹೇಳುತ್ತಿದ್ದರು. 1889ರಲ್ಲಿ ತೀರಿಹೋದ ಷರೀಫರು ನಮಗೆ ಪಕ್ಕದ ಊರಿನ ಅಜ್ಜನೇ ಆಗಿದ್ದರು. ಯಾರನ್ನೂ ಬೇರೆ ಎಂದು ಕಾಣಬಾರದೆಂಬ ಪಾಠಕ್ಕೆ ಮತ್ತೊಂದು ಪುಸ್ತಕ ಬೇಕಾಗಲಿಲ್ಲ.

ಪಂಚತಂತ್ರದಲ್ಲಿ ಮಾತು ತಡೆಯಲಾರದೆ ಆಕಾಶದಿಂದ ಬಿದ್ದ ಆಮೆಯ ಕಥೆ ಜಾವಾದ ಮೆಂದುತ್ ಗುಡಿಯ ಕಲ್ಲಿನಲ್ಲಿದೆ ಎಂದು ಓದಿದಾಗ ಪಟ್ಟ ಸಂತೋಷ ಅಷ್ಟಿಷ್ಟಲ್ಲ. ರೋಣದ ಕಡೆಯ ಸವಡಿಯ ದುರ್ಗಸಿಂಹ 1031ರಲ್ಲಿ ಕನ್ನಡ ಪಂಚತಂತ್ರ ಬರೆದದ್ದು ವಸುಭಾಗನ ಪಾಠವನ್ನು ಅನುಸರಿಸಿ. ಜಾವಾ, ಬಾಲಿಗಳ ತಂತ್ರಿ ಕಥೆಗಳೂ ಅದೇ ಪರಂಪರೆಯವು. ಬಾಲಿಯಲ್ಲಿ ಇಂದಿಗೂ ಮಕ್ಕಳಿಗೆ ತಾಯ್ನುಡಿ, ನಡತೆ ಎರಡನ್ನೂ ಹಳೆಯ ಕಥೆಗಳಿಂದ ಕಲಿಸುತ್ತಾರೆ. ಅಷ್ಟು ದೂರದ ಕೂಸುಗಳೂ ನಮ್ಮ ಓಣಿಯವೇ ಅನ್ನಿಸಿತು.

2011ರಲ್ಲಿ ಶಿಗ್ಗಾಂವಿಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಬಂತು. ಕಥೆಗಳು ಅಲ್ಲಿ ಕಾಪಿನಲ್ಲಿರಲಿ, ಮನೆಯಲ್ಲೂ ಬಾಳಲಿ. ಹುಬ್ಬಳ್ಳಿ, ಬೆಂಗಳೂರು ಸೇರಿದ ನನ್ನ ಓಣಿಯ ಗೆಳೆಯರೇ, ಮೊಮ್ಮಕ್ಕಳಿಗೆ ನಮ್ಮೂರ ಮಾತಿನಲ್ಲೇ ಕಥೆ ಹೇಳಿ. ನೀತಿಯನ್ನು ನೀವೇ ಹೇಳಿ ಮುಗಿಸಬೇಡಿ. ಮಕ್ಕಳು ವಾದಕ್ಕಿಳಿಯಲಿ, ಅವರ ಕನ್ನಡವೂ ನ್ಯಾಯಬುದ್ಧಿಯೂ ಒಟ್ಟಿಗೇ ಬೆಳೆಯುತ್ತವೆ.